ಪ್ರಾಸ್ಟೇಟ್ ರಿಪೋರ್ಟ್ ಕೈಗೆ ಬಂತು, ಮುಂದೇನು?

ನನಗೆ ಬರುವ ಪ್ರಶ್ನೆಗಳಲ್ಲಿ ಎರಡು ಮಾತ್ರ ತಿಂಗಳು ತಪ್ಪುವುದಿಲ್ಲ. ಒಂದು, "ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ ಗ್ರೇಡ್ 2 ಅಂತ ಬರೆದಿದ್ದಾರೆ, ಆಪರೇಷನ್ ಮಾಡಿಸಲೇಬೇಕಾ?" ಇನ್ನೊಂದು, "ನಮ್ಮ ತಂದೆಯವರ ಪಿಎಸ್‌ಎ 6 ಬಂದಿದೆ, ಕ್ಯಾನ್ಸರಾ?" ಪ್ರಾಸ್ಟೇಟ್ ಅಂದರೆ ಗಂಡಸರ ಮೂತ್ರಕೋಶದ ಬುಡದಲ್ಲಿರುವ ಗ್ರಂಥಿ, ಪಿಎಸ್‌ಎ ಅಂದರೆ ಅದಕ್ಕೆ ಸಂಬಂಧಿಸಿದ ರಕ್ತಪರೀಕ್ಷೆ. ಎರಡನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಮಗನೋ ಮಗಳೋ ಕೇಳುತ್ತಾರೆ. ತಂದೆಯವರು ಪಕ್ಕದ ರೂಮಿನಲ್ಲಿ ಟಿವಿ ನೋಡುತ್ತಾ ಕೂತಿರುತ್ತಾರೆ, ಈ ವಿಷಯ ತಮ್ಮದಲ್ಲವೇ ಅಲ್ಲ ಅನ್ನುವ ಹಾಗೆ.

ಬೆಂಗಳೂರಿನಲ್ಲಿ ಈಗ ಬೆಳಗ್ಗೆ ಏಳಕ್ಕೆ ಹುಡುಗನೊಬ್ಬ ಬೈಕಿನಲ್ಲಿ ಬಂದು ಮನೆಯಲ್ಲೇ ರಕ್ತ ತೆಗೆದುಕೊಂಡು ಹೋಗುತ್ತಾನೆ. ಸಂಜೆಗೆ ವಾಟ್ಸಾಪ್‌ನಲ್ಲಿ ರಿಪೋರ್ಟ್. ಐವತ್ತು ದಾಟಿದ ಗಂಡಸರ ಪ್ಯಾಕೇಜ್‌ನಲ್ಲಿ ಎಷ್ಟೋ ಸಲ ಪಿಎಸ್‌ಎ ಕೂಡ ಸೇರಿರುತ್ತದೆ. ಅದು ಯಾಕೆ ಅಂತ ಯಾರೂ ವಿವರಿಸಿರುವುದಿಲ್ಲ. ಕೆಂಪು ಅಕ್ಷರದಲ್ಲಿ ಒಂದು ಸಂಖ್ಯೆ ಬರುತ್ತದೆ, ಅವತ್ತು ರಾತ್ರಿ ಮನೆಮಂದಿಗೆ ನಿದ್ದೆ ಇಲ್ಲ.

ಇಲ್ಲಿ ತಪ್ಪಿರುವುದು ಕ್ರಮ. ಮೊದಲು ಮೈ ಏನು ಹೇಳುತ್ತಿದೆ ಅಂತ ಬರೆದುಕೊಳ್ಳಬೇಕು, ಆಮೇಲೆ ಡಾಕ್ಟರ್, ಆಮೇಲೆ ಪರೀಕ್ಷೆ. ನಾವು ಪರೀಕ್ಷೆಯಿಂದ ಶುರು ಮಾಡಿ ಹಿಂದಕ್ಕೆ ಓಡುತ್ತೇವೆ. ರಿಪೋರ್ಟ್ ಈಗಾಗಲೇ ಕೈಯಲ್ಲಿದ್ದರೂ ಪರವಾಗಿಲ್ಲ. ಅದನ್ನು ಸ್ವಲ್ಪ ಪಕ್ಕಕ್ಕಿಟ್ಟು ಮೊದಲ ಹಂತದಿಂದಲೇ ಬನ್ನಿ. ನಾನು ವೈದ್ಯನಲ್ಲ, ಆರೋಗ್ಯದ ವಿಷಯ ಬರೆಯುವವನು. ಡಾಕ್ಟರ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಅನ್ನುವುದು ನಿಮಗೆ ತಿಳಿದಿರಲಿ ಅಂತ ಇದನ್ನು ಬರೆದಿದ್ದೇನೆ.

ಬೇಕಾಗುವ ಸಾಮಾನು ಇಷ್ಟೇ: ಒಂದು ನೋಟ್‌ಬುಕ್, ಪೆನ್ನು, ಅಳತೆ ಗೆರೆ ಇರುವ ಹಳೆಯ ಪ್ಲಾಸ್ಟಿಕ್ ಜಗ್ (ಅದು ಮತ್ತೆ ಅಡುಗೆಮನೆಗೆ ಹೋಗುವುದಿಲ್ಲ, ಮನೆಯವರಿಗೆ ಮೊದಲೇ ಹೇಳಿಬಿಡಿ), ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ರಿಪೋರ್ಟ್‌ಗಳು.

ಇವು ಇದ್ದರೆ ಓದುವುದು ನಿಲ್ಲಿಸಿ, ಹೊರಡಿ

ಮೂತ್ರ ಪೂರ್ತಿ ಕಟ್ಟಿಕೊಂಡು, ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದ್ದರೆ ಅದು ತುರ್ತು. ನಾಳೆ ಬೆಳಗ್ಗೆವರೆಗೆ ಕಾಯಬೇಡಿ. ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಅಲ್ಲಿ ಕ್ಯಾತೆಟರ್ ಹಾಕುತ್ತಾರೆ, ಅಂದರೆ ಮೂತ್ರ ಹೊರಗೆ ಬಿಡುವ ತೆಳ್ಳನೆಯ ರಬ್ಬರ್ ಕೊಳವೆ. ಐದು ನಿಮಿಷದಲ್ಲಿ ಜೀವ ಬಂದ ಹಾಗಾಗುತ್ತದೆ. ಕಟ್ಟಿಕೊಂಡಿದೆ ಅಂತ ಇನ್ನೂ ನೀರು ಕುಡಿದು "ತಳ್ಳಿಬಿಡೋಣ" ಅಂದುಕೊಳ್ಳುವುದು ದೊಡ್ಡ ತಪ್ಪು. ಮುಚ್ಚಿದ ನಲ್ಲಿಯ ಟ್ಯಾಂಕಿಗೆ ಇನ್ನಷ್ಟು ನೀರು ತುಂಬಿದ ಹಾಗೆ ಅದು.

ಚಳಿಜ್ವರದ ಜೊತೆ ಉರಿಮೂತ್ರ, ಮೂತ್ರದಲ್ಲಿ ರಕ್ತದ ಗಡ್ಡೆ, ಬೆನ್ನುನೋವಿನ ಜೊತೆ ಇದ್ದಕ್ಕಿದ್ದ ಹಾಗೆ ಕಾಲಿನ ಶಕ್ತಿ ಹೋಗುವುದು, ಇವು ಮೂರೂ ಅವತ್ತೇ ತೋರಿಸಬೇಕಾದವು. ಮೂತ್ರದಲ್ಲಿ ರಕ್ತ ಒಂದೇ ಸಲ, ನೋವಿಲ್ಲದೆ ಬಂದು ನಿಂತುಹೋದರೂ ಬಿಡಬೇಡಿ. ಅದು ಪ್ರಾಸ್ಟೇಟ್‌ದೇ ಆಗಿರಬೇಕಿಲ್ಲ, ಮೂತ್ರಕೋಶದ ಗಂಟಿನದೂ ಆಗಿರಬಹುದು.

ಹಂತ 1: ಆ ಗ್ರಂಥಿ ಎಲ್ಲಿದೆ, ಏನು ಮಾಡುತ್ತದೆ

ಮೂತ್ರಕೋಶದ ಬುಡದಲ್ಲಿ, ಗುದನಾಳದ ಮುಂದೆ, ಬೆಟ್ಟದ ನೆಲ್ಲಿಕಾಯಿಯಷ್ಟು ದೊಡ್ಡ ಗ್ರಂಥಿ ಇದೆ, ಅದೇ ಪ್ರಾಸ್ಟೇಟ್. ವಯಸ್ಕ ಗಂಡಸಿನಲ್ಲಿ ತೂಕ ಸುಮಾರು 20 ಗ್ರಾಂ. ವೀರ್ಯದ ದ್ರವದ ಒಂದು ಪಾಲು ಇಲ್ಲಿ ತಯಾರಾಗುತ್ತದೆ. ಮೂತ್ರನಾಳ ಇದರ ನಡುವೆಯೇ ಹಾದುಹೋಗುತ್ತದೆ, ಬಳೆಯೊಳಗೆ ಕೈ ಹೋದ ಹಾಗೆ.

ಈ ಬಳೆಯನ್ನು ನೆನಪಿಟ್ಟುಕೊಳ್ಳಿ. ವಯಸ್ಸಾದ ಹಾಗೆ ಬಳೆ ಒಳಮುಖವಾಗಿ ದಪ್ಪಗಾಗುತ್ತದೆ, ನಾಳ ಒತ್ತಿಕೊಳ್ಳುತ್ತದೆ, ಧಾರೆ ಸಣ್ಣಗಾಗುತ್ತದೆ. ಇದನ್ನು ವೈದ್ಯರು ಬಿಪಿಎಚ್ ಅನ್ನುತ್ತಾರೆ. ಅಂದರೆ ಕ್ಯಾನ್ಸರ್ ಅಲ್ಲದ ಬೆಳವಣಿಗೆ. 60ರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ ಈ ಬದಲಾವಣೆ ಶುರುವಾಗಿರುತ್ತದೆ. 80 ದಾಟಿದವರಲ್ಲಂತೂ ಅದು ಇಲ್ಲದವರೇ ಕಡಿಮೆ. ಇದು ಮುಂದೆ ಕ್ಯಾನ್ಸರ್ ಆಗಿ ತಿರುಗುವುದಿಲ್ಲ.

ಕ್ಯಾನ್ಸರ್ ಬಹುಪಾಲು ಬಳೆಯ ಹೊರ ಅಂಚಿನಲ್ಲಿ ಹುಟ್ಟುತ್ತದೆ. ಹಾಗಾಗಿ ಶುರುವಿನಲ್ಲಿ ನಾಳವನ್ನು ಒತ್ತುವುದೇ ಇಲ್ಲ, ಯಾವ ತೊಂದರೆಯೂ ಗೊತ್ತಾಗುವುದಿಲ್ಲ. "ನನಗೆ ಮೂತ್ರ ಸಲೀಸಾಗಿ ಹೋಗುತ್ತೆ, ಆದ್ದರಿಂದ ಕ್ಯಾನ್ಸರ್ ಇಲ್ಲ" ಅನ್ನುವುದೂ ತಪ್ಪು, "ಕಷ್ಟವಾಗುತ್ತೆ, ಆದ್ದರಿಂದ ಕ್ಯಾನ್ಸರ್" ಅನ್ನುವುದೂ ತಪ್ಪು. ಒಬ್ಬರಿಗೇ ಎರಡೂ ಇರಬಹುದು, ಆ ಮಾತು ಬೇರೆ.

ಮೂರನೆಯದು ಪ್ರಾಸ್ಟೇಟ್‌ನ ಉರಿಯೂತ, ಪ್ರಾಸ್ಟಟೈಟಿಸ್. ಇದು ಮೂವತ್ತು ನಲವತ್ತರ ಹುಡುಗರನ್ನೂ ಕಾಡುತ್ತದೆ. ಸೋಂಕಿನಿಂದ ಬಂದರೆ ಚಳಿಜ್ವರ, ಉರಿ, ಬುಡದಲ್ಲಿ ನೋವು ಒಟ್ಟಿಗೇ ಬರುತ್ತವೆ. ಅದಕ್ಕೆ ಆ್ಯಂಟಿಬಯಾಟಿಕ್ ಬೇಕು, ಅದೂ ಮೂರು ದಿನವಲ್ಲ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ಇನ್ನೊಂದು ಬಗೆಯಲ್ಲಿ ಸೋಂಕೇ ಇರುವುದಿಲ್ಲ. ತಿಂಗಳುಗಟ್ಟಲೆ ತೊಡೆಸಂದು, ವೃಷಣ, ಗುದದ ಮುಂಭಾಗದಲ್ಲಿ ನೋವು ಮಾತ್ರ. ಇದಕ್ಕೆ ಕೋರ್ಸಿನ ಮೇಲೆ ಕೋರ್ಸು ಆ್ಯಂಟಿಬಯಾಟಿಕ್ ನುಂಗಿ ಫಲವಿಲ್ಲ. ಬಿಸಿನೀರಿನ ಟಬ್‌ನಲ್ಲಿ ಕೂರುವುದು, ಕಿಬ್ಬೊಟ್ಟೆಯ ತಳದ ಸ್ನಾಯು ಸಡಿಲಿಸುವ ಫಿಸಿಯೋಥೆರಪಿ, ನೋವಿನ ಔಷಧ, ಹೀಗೆ ಕೂಡಿಸಿ ನೋಡುತ್ತಾರೆ. ತಾಳ್ಮೆ ಬೇಕು.

ಹಂತ 2: ಮೂರು ದಿನ ಲೆಕ್ಕ ಬರೆಯಿರಿ

ಎಲ್ಲರೂ ಹಾರಿಬಿಡುವ ಹಂತ ಇದು. ನನ್ನ ಕೇಳಿದರೆ ಇದರಷ್ಟು ಉಪಯೋಗದ್ದು ಇನ್ನೊಂದಿಲ್ಲ, ಕಾಸೂ ಖರ್ಚಿಲ್ಲ.

ಮೂರು ದಿನ, ಒಂದಕ್ಕೆ ಹೋದಾಗಲೆಲ್ಲ ಜಗ್ಗಿನಲ್ಲಿ ಹಿಡಿದು ಎಷ್ಟು ಎಂಎಲ್ ಅಂತ ಬರೆಯಿರಿ. ಪಕ್ಕದಲ್ಲಿ ಸಮಯ. ಏನು ಕುಡಿದಿರಿ, ಯಾವಾಗ, ಎಷ್ಟು, ಅದೂ ಇರಲಿ. ನೀರು ಮಾತ್ರವಲ್ಲ, ಕಾಫಿ, ಮಜ್ಜಿಗೆ, ರಾತ್ರಿಯ ಹಾಲು, ಸಾರು, ಎಲ್ಲ. ಮಲಗಿದ ಹೊತ್ತು, ಎದ್ದ ಹೊತ್ತು ಗುರುತು ಹಾಕಿ. ಮೂರೂ ದಿನ ಒಟ್ಟಿಗೇ ಬರಬೇಕಿಲ್ಲ. ಆಫೀಸಿಗೆ ಹೋಗುವವರು ಒಂದು ಭಾನುವಾರ, ಎರಡು ರಜಾ ದಿನ ಅಂತ ಮಾಡಿಕೊಳ್ಳಬಹುದು.

ಈಗ ಕೂಡಿಸಿ ನೋಡಿ. ದಿನಕ್ಕೆ ಒಟ್ಟು ಮೂತ್ರ 3 ಲೀಟರ್ ದಾಟಿದೆಯಾ? ಹಾಗಾದರೆ ನೀವು ಸುಮ್ನೆ ಜಾಸ್ತಿ ಕುಡಿಯುತ್ತಿದ್ದೀರಿ, ಇಲ್ಲವೇ ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಬೇಕು. ಒಂದೊಂದು ಸಲಕ್ಕೂ 100 ಎಂಎಲ್ ಮಾತ್ರ, ಆದರೆ ಹದಿನೈದು ಸಲವಾ? ಮೂತ್ರಕೋಶ ಕಿರಿಕಿರಿ ಮಾಡುತ್ತಿದೆ, ಇಲ್ಲವೇ ಪೂರ್ತಿ ಖಾಲಿಯಾಗುತ್ತಿಲ್ಲ.

ರಾತ್ರಿಯ ಲೆಕ್ಕವನ್ನು ಬೇರೆ ಮಾಡಿ. ಮಲಗಿದ ಮೇಲೆ ಎದ್ದು ಹೋದ ಮೂತ್ರ ಮತ್ತು ಬೆಳಗ್ಗೆ ಎದ್ದ ಕೂಡಲೇ ಹೋದ ಮೊದಲ ಮೂತ್ರ ಸೇರಿಸಿ. ವಯಸ್ಸಾದವರಲ್ಲಿ ಅದು ಇಡೀ ದಿನದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇದ್ದರೆ, ರಾತ್ರಿ ನಾಲ್ಕು ಸಲ ಏಳುವುದಕ್ಕೆ ಪ್ರಾಸ್ಟೇಟ್ ಕಾರಣವಲ್ಲದೇ ಇರಬಹುದು. ಹಗಲೆಲ್ಲ ಕಾಲಿನಲ್ಲಿ ಇಳಿದ ನೀರು ಮಲಗಿದಾಗ ಮೇಲೆ ಬಂದು ಮೂತ್ರವಾಗುತ್ತದೆ. ಬಿಪಿಗೆ ಕೊಟ್ಟ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ತೆಗೆದುಕೊಳ್ಳುತ್ತಿರಬಹುದು. ಹೃದಯದ ತೊಂದರೆ ಇರಬಹುದು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುವವರಿಗೂ ಹೀಗಾಗುತ್ತದೆ. ಇವರಿಗೆ ಪ್ರಾಸ್ಟೇಟ್ ಮಾತ್ರೆ ಎಷ್ಟು ಕೊಟ್ಟರೂ ರಾತ್ರಿ ಏಳುವುದು ತಪ್ಪುವುದಿಲ್ಲ. "ಒಂದು ವರ್ಷದಿಂದ ಮಾತ್ರೆ ತಗೊಳ್ತಿದ್ದೀನಿ, ಏನೂ ಪ್ರಯೋಜನ ಇಲ್ಲ" ಅನ್ನುವವರನ್ನು ಕೇಳಿ ನೋಡಿ, ಈ ಲೆಕ್ಕ ಬರೆದವರು ಸಿಗುವುದು ಅಪರೂಪ.

ಹಂತ 3: ಏಳು ಪ್ರಶ್ನೆಗೆ ಮಾರ್ಕು ಹಾಕಿ

ಅಮೆರಿಕದ ಮೂತ್ರರೋಗ ತಜ್ಞರ ಸಂಘ 1992ರಲ್ಲಿ ಸಿದ್ಧಪಡಿಸಿದ ಏಳು ಪ್ರಶ್ನೆಗಳನ್ನು ಈಗ ಜಗತ್ತಿನೆಲ್ಲೆಡೆ ಬಳಸುತ್ತಾರೆ. ಐಪಿಎಸ್‌ಎಸ್ ಅಂತ ಹೆಸರು. ಕಳೆದ ಒಂದು ತಿಂಗಳನ್ನು ನೆನಪಿಸಿಕೊಂಡು ಉತ್ತರಿಸಿ:

1. ಹೋಗಿ ಬಂದ ಮೇಲೂ ಇನ್ನೂ ಉಳಿದಿದೆ ಅನ್ನಿಸಿತಾ?
2. ಎರಡು ಗಂಟೆಯೊಳಗೆ ಮತ್ತೆ ಹೋಗಬೇಕಾಯಿತಾ?
3. ಧಾರೆ ನಿಂತು ನಿಂತು ಬಂತಾ?
4. ತಡೆದುಕೊಳ್ಳುವುದು ಕಷ್ಟವಾಯಿತಾ?
5. ಧಾರೆ ಸಣ್ಣಗಿತ್ತಾ?
6. ಶುರುವಾಗಲು ತಿಣುಕಬೇಕಾಯಿತಾ?
7. ರಾತ್ರಿ ಎಷ್ಟು ಸಲ ಎದ್ದಿರಿ?

ಮೊದಲ ಆರಕ್ಕೆ, ಇಲ್ಲವೇ ಇಲ್ಲ ಅಂದರೆ 0, ಸುಮಾರು ಅರ್ಧದಷ್ಟು ಸಲ ಅಂದರೆ 3, ಹೆಚ್ಚುಕಡಿಮೆ ಪ್ರತಿ ಸಲ ಅಂದರೆ 5. ಏಳನೆಯದಕ್ಕೆ ಎದ್ದಷ್ಟೇ ಮಾರ್ಕು, ಐದಕ್ಕಿಂತ ಹೆಚ್ಚಾದರೂ 5. ಒಟ್ಟು 35ಕ್ಕೆ 7ರವರೆಗೆ ಬಂದರೆ ಸೌಮ್ಯ, 8ರಿಂದ 19 ಮಧ್ಯಮ, 20ರಿಂದ ಮೇಲೆ ತೀವ್ರ.

ಕೊನೆಗೆ ಎಂಟನೆಯ ಪ್ರಶ್ನೆಯೊಂದಿದೆ. ಬಾಕಿ ಜೀವನ ಪೂರ್ತಿ ಹೀಗೇ ಇರುತ್ತೆ ಅಂದರೆ ನಿಮಗೆ ಹೇಗನ್ನಿಸುತ್ತೆ? ಚಿಕಿತ್ಸೆ ಬೇಕೋ ಬೇಡವೋ ಅನ್ನುವುದು ಎಷ್ಟೋ ಸಲ ಇದರ ಮೇಲೇ ನಿಂತಿರುತ್ತದೆ. 12 ಬಂದವರೊಬ್ಬರು "ಅಭ್ಯಾಸ ಆಗಿದೆ ಬಿಡಿ" ಅನ್ನುತ್ತಾರೆ. ಅದೇ 12 ಬಂದ ಇನ್ನೊಬ್ಬರು ಹೆಬ್ಬಾಳದ ಟ್ರಾಫಿಕ್‌ಗೆ ಹೆದರಿ ಮೊಮ್ಮಗಳ ಮದುವೆಗೂ ಹೋಗಿರುವುದಿಲ್ಲ.

ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಉತ್ತರಿಸಿ. ಗಂಡಸರು ರಾತ್ರಿ ಎದ್ದ ಲೆಕ್ಕವನ್ನು ಕಡಿಮೆ ಹೇಳುತ್ತಾರೆ. ಲೈಟು ಹಾಕಿದಾಗೆಲ್ಲ ಎಚ್ಚರವಾಗುವವರಿಗೆ ಸರಿಯಾದ ಸಂಖ್ಯೆ ಗೊತ್ತಿರುತ್ತದೆ.

ಹಂತ 4: ಮನೆಯಲ್ಲೇ ಆಗುವುದನ್ನು ಮೊದಲು ಮಾಡಿ

ಸಂಜೆ ಏಳರ ಮೇಲೆ ಕುಡಿಯುವುದನ್ನು ಕಡಿಮೆ ಮಾಡಿ, ಹಗಲಿನಲ್ಲಿ ಅಲ್ಲ. ಬೆಂಗಳೂರಿನ ಗಂಡಸರು ಇದನ್ನು ಉಲ್ಟಾ ಮಾಡುತ್ತಾರೆ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ ಅಂತ ಹಗಲೆಲ್ಲ ಗಂಟಲು ಒಣಗಿಸಿಕೊಂಡು, ಮನೆಗೆ ಬಂದ ಮೇಲೆ ಒಂದು ಚೊಂಬು ಗಟಗಟ ಇಳಿಸುತ್ತಾರೆ. ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸಿಗೆ ಹೊರಡುವವರು ಹತ್ತುವ ಮುಂಚೆ ಒಮ್ಮೆ ಹೋಗಿ, ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ಹೋಗಿ ಬನ್ನಿ. ಎರಡನೇ ಸಲ ಉಳಿದದ್ದು ಬರುತ್ತದೆ. ಸಂಜೆಯ ಕಾಫಿ ಬೈಟು ಆದರೆ ಒಳ್ಳೆಯದು, ಬಿಟ್ಟರೆ ಇನ್ನೂ ಒಳ್ಳೆಯದು. ಮದ್ಯವೂ ಅಷ್ಟೇ. ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿಮಾಡಿ, ತುಂಬಿದ ಗುದನಾಳ ಮೂತ್ರದ ದಾರಿಯನ್ನೂ ಒತ್ತುತ್ತದೆ.

ಎಚ್ಚರಿಕೆ ಇರುವುದು ನೆಗಡಿ ಮಾತ್ರೆಯ ಬಗ್ಗೆ. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಸಿಗುವ ಎಷ್ಟೋ ನೆಗಡಿ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಇರುತ್ತವೆ. ಒಂದು ಮೂತ್ರಕೋಶ ಹಿಂಡುವ ಶಕ್ತಿಯನ್ನು ಕುಗ್ಗಿಸುತ್ತದೆ, ಇನ್ನೊಂದು ಅದರ ಬಾಯಿಯನ್ನು ಬಿಗಿ ಮಾಡುತ್ತದೆ. ಮೊದಲೇ ಒತ್ತಿಕೊಂಡ ದಾರಿ, ಒಂದು ರಾತ್ರಿಯಲ್ಲಿ ಪೂರ್ತಿ ಮುಚ್ಚಿಕೊಳ್ಳಬಹುದು. ನಮ್ಮ ಸಂಬಂಧಿಕರೊಬ್ಬರು ಹೀಗೇ ಎರಡು ನೆಗಡಿ ಮಾತ್ರೆ ನುಂಗಿ ಮಲಗಿದವರು ಬೆಳಗಿನ ಜಾವ ಎಮರ್ಜೆನ್ಸಿಯಲ್ಲಿದ್ದರು. ಔಷಧ ಅಂಗಡಿಯಲ್ಲಿ "ಪ್ರಾಸ್ಟೇಟ್ ಇದೆ" ಅಂತ ಬಾಯಿಬಿಟ್ಟು ಹೇಳಿ.

"ಉಷ್ಣ ಆಗಿದೆ ಅಷ್ಟೇ" ಅನ್ನುವುದು ನಮ್ಮವರ ಇನ್ನೊಂದು ಹಾದಿ. ಬಾರ್ಲಿ ನೀರು, ಎಳನೀರು, ನೆಗ್ಗಿಲು ಮುಳ್ಳಿನ ಕಷಾಯ. ನನಗೆ ಜಗಳವೇನಿಲ್ಲ, ಆದರೆ ಕಷಾಯ ಕುಡಿಯುತ್ತಿದ್ದರೆ ಡಾಕ್ಟರಿಗೆ ಹೇಳಿ, ಜ್ವರ ಅಥವಾ ರಕ್ತ ಕಂಡರೆ ಕಷಾಯ ನೆಚ್ಚಿಕೊಂಡು ಕೂರಬೇಡಿ. ಆನ್‌ಲೈನಿನಲ್ಲಿ ದುಬಾರಿಗೆ ಮಾರುವ ಸಾ ಪಾಲ್ಮೆಟ್ಟೊ ಅನ್ನುವ ಗಿಡಮೂಲಿಕೆ ಕ್ಯಾಪ್ಸೂಲ್‌ಗೆ ಮಾತ್ರ ದುಡ್ಡು ಹಾಕಬೇಡಿ ಅನ್ನುತ್ತೇನೆ. ಸರಿಯಾಗಿ ನಡೆಸಿದ ದೊಡ್ಡ ಪ್ರಯೋಗಗಳಲ್ಲಿ ಅದು ಔಷಧವೇ ಇಲ್ಲದ ಸಕ್ಕರೆ ಗುಳಿಗೆಗಿಂತ ಮೇಲು ಅಂತ ಕಂಡಿಲ್ಲ.

ಹಂತ 5: ಸರಿಯಾದ ಡಾಕ್ಟರ ಹತ್ತಿರ ಹೋಗಿ

ಯೂರಾಲಜಿಸ್ಟ್ ಬೇಕು, ನೆಫ್ರಾಲಜಿಸ್ಟ್ ಅಲ್ಲ. ಮೊದಲನೆಯವರು ಮೂತ್ರದ ದಾರಿ ಮತ್ತು ಪ್ರಾಸ್ಟೇಟ್‌ನ ಸರ್ಜನ್, ಎರಡನೆಯವರು ಕಿಡ್ನಿಯ ಕೆಲಸ ನೋಡುವ ಫಿಸಿಶಿಯನ್. ಬೋರ್ಡಿನಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಯೂರಾಲಜಿ ಅಂತ ಇದೆಯಾ ನೋಡಿ. ಮನೆ ಹತ್ತಿರದ ಫ್ಯಾಮಿಲಿ ಡಾಕ್ಟರಿಂದ ಶುರು ಮಾಡಿದರೂ ತಪ್ಪಿಲ್ಲ. ಸರ್ಕಾರಿ ಕಡೆ ಹೋಗುವವರಿಗೆ ಕೆ.ಆರ್. ಮಾರ್ಕೆಟ್ ಪಕ್ಕದ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಕ್ಯಾನ್ಸರ್ ಖಚಿತವಾದವರಿಗೆ ಹೊಸೂರು ರಸ್ತೆಯ ಕಿದ್ವಾಯಿ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅಡ್ಮಿಟ್ ಆಗುವ ಮುಂಚೆಯೇ ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರಿನಲ್ಲಿ ರೆಫರಲ್ ಪತ್ರದ ವಿಷಯ ಕೇಳಿ. ಬಿಲ್ ಆದ ಮೇಲೆ ಕೇಳಿದರೆ ಕೆಲಸ ಕೆಡುತ್ತದೆ.

ಡಾಕ್ಟರ್ ಬೆರಳು ಪರೀಕ್ಷೆ ಮಾಡಬಹುದು. ಗ್ಲೌಸ್ ಹಾಕಿ, ಜೆಲ್ಲಿ ಹಚ್ಚಿ, ಗುದದ್ವಾರದಿಂದ ಬೆರಳು ಬಿಟ್ಟು ಗ್ರಂಥಿಯನ್ನು ಮುಟ್ಟಿ ನೋಡುತ್ತಾರೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಬಳೆಯ ಹೊರ ಅಂಚು ಬೆರಳಿಗೆ ಸಿಗುವುದು ಅಲ್ಲೇ, ಗಟ್ಟಿ ಗಂಟು ಇದ್ದರೆ ಗೊತ್ತಾಗುತ್ತದೆ. ಪಿಎಸ್‌ಎ ಸರಿಯಿದ್ದೂ ಗಂಟು ಇರುವವರಿದ್ದಾರೆ. ನಾಚಿಕೆಗೆ ಬೇಡ ಅನ್ನಬೇಡಿ.

ಹಂತ 6: ರಿಪೋರ್ಟ್ ಓದುವುದು

ಈಗ ಪಕ್ಕಕ್ಕಿಟ್ಟ ಕಾಗದ ತೆಗೆಯಿರಿ.

ಸ್ಕ್ಯಾನಿಂಗ್‌ನಿಂದ ಶುರು ಮಾಡೋಣ. "ಗ್ರೇಡ್ 1, 2, 3" ಅನ್ನುವುದು ಗಾತ್ರ ಮಾತ್ರ. ಕ್ಯಾನ್ಸರಿನ ಗ್ರೇಡ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಗಾತ್ರಕ್ಕೂ ತೊಂದರೆಗೂ ಕೂಡ ನೇರ ಸಂಬಂಧವಿಲ್ಲ. 80 ಸಿಸಿ ಇದ್ದವರು ಆರಾಮವಾಗಿರುತ್ತಾರೆ, 30 ಸಿಸಿ ಇದ್ದವರು ಒದ್ದಾಡುತ್ತಾರೆ. ಬಳೆ ಹೊರಕ್ಕೆ ದಪ್ಪಗಾಯಿತೋ ಒಳಕ್ಕೋ ಅನ್ನುವುದೇ ಮುಖ್ಯ. ಹಾಗಾಗಿ ಗಾತ್ರ ನೋಡಿ ಆಪರೇಷನ್ ನಿರ್ಧಾರ ಮಾಡುವುದಿಲ್ಲ.

ಅದೇ ಕಾಗದದಲ್ಲಿ ನೀವು ಹುಡುಕಬೇಕಾದ ಸಾಲು ಪಿವಿಆರ್. ಒಂದಕ್ಕೆ ಹೋಗಿ ಬಂದ ಮೇಲೆ ಮೂತ್ರಕೋಶದಲ್ಲಿ ಉಳಿದದ್ದು ಎಷ್ಟು ಅನ್ನುವ ಲೆಕ್ಕ. 50 ಎಂಎಲ್ ಒಳಗಿದ್ದರೆ ಚೆನ್ನ. 200, 300 ದಾಟಿದರೆ ಡಾಕ್ಟರ್ ಗಂಭೀರವಾಗಿ ನೋಡುತ್ತಾರೆ. ಇಲ್ಲೊಂದು ಗುಂಡಿ ಇದೆ. ಸ್ಕ್ಯಾನಿಂಗ್ ಸೆಂಟರಿನಲ್ಲಿ "ನೀರು ಕುಡೀರಿ, ಇನ್ನೂ ಕುಡೀರಿ" ಅಂತ ಎರಡು ಗಂಟೆ ಕೂರಿಸುತ್ತಾರೆ. ಮೂತ್ರಕೋಶ ಅತಿಯಾಗಿ ಉಬ್ಬಿದರೆ ಯಾರಿಗೂ ಒಂದೇ ಸಲಕ್ಕೆ ಖಾಲಿಯಾಗುವುದಿಲ್ಲ, ಪಿವಿಆರ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ಸಾಧಾರಣ ಒತ್ತಡ ಬಂದ ಕೂಡಲೇ ಎದ್ದು ಹೇಳಿ. ಮೊದಲ ಸಲ ಜಾಸ್ತಿ ಉಳಿದಿದ್ದರೆ ಇನ್ನೊಮ್ಮೆ ಹೋಗಿ ಬಂದು ಮತ್ತೆ ನೋಡಲು ಕೇಳಿಕೊಳ್ಳಿ.

ಯೂರೋಫ್ಲೋ ಅನ್ನುವ ಪರೀಕ್ಷೆಯೂ ಇದೆ. ಯಂತ್ರದ ಕೊಳವೆಗೆ ಮೂತ್ರ ಬಿಡಬೇಕು, ಅದು ವೇಗ ಅಳೆಯುತ್ತದೆ. ಸೆಕೆಂಡಿಗೆ 15 ಎಂಎಲ್ ಮೇಲಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ, 10ಕ್ಕಿಂತ ಕಡಿಮೆ ಅಂದರೆ ಅಡ್ಡಿ ಇರಬಹುದು. ಕನಿಷ್ಠ 150 ಎಂಎಲ್ ಬಿಡದಿದ್ದರೆ ಲೆಕ್ಕಕ್ಕಿಲ್ಲ.

ಇನ್ನು ಪಿಎಸ್‌ಎ. ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್ ಇದು, ಸ್ವಲ್ಪ ರಕ್ತಕ್ಕೆ ಸೋರುತ್ತದೆ. ಗ್ರಂಥಿ ದೊಡ್ಡದಾದರೂ ಏರುತ್ತದೆ, ಉರಿಯೂತವಾದರೂ ಏರುತ್ತದೆ, ಕ್ಯಾನ್ಸರ್ ಆದರೂ ಏರುತ್ತದೆ. ಯಾವುದು ಅಂತ ಈ ಸಂಖ್ಯೆ ಹೇಳುವುದಿಲ್ಲ. 4 ಅನ್ನುವ ಗೆರೆ ಹಳೆಯ ರೂಢಿ. 50ರವರಿಗೆ 3.5 ಕೂಡ ಯೋಚಿಸಬೇಕಾದ್ದು, 75ರವರಿಗೆ 5 ಅಂದರೆ ಗಾಬರಿಯಾಗಬೇಕಿಲ್ಲ. ಅಮೆರಿಕದ ಲೆಕ್ಕದಲ್ಲಿ, ಪಿಎಸ್‌ಎ ಏರಿದೆ ಅಂತ ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆ) ಮಾಡಿಸಿಕೊಂಡ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಕ್ಯಾನ್ಸರ್ ಸಿಗುತ್ತದೆ.

ಸಂಖ್ಯೆ ಸುಳ್ಳಾಗಿ ಏರುವ ಸಂದರ್ಭಗಳನ್ನು ನೋಡಿ. ಮೂತ್ರದ ಸೋಂಕು ಆಗಿದ್ದರೆ, ಕ್ಯಾತೆಟರ್ ಹಾಕಿದ್ದರೆ, ಆರು ವಾರ ಬಿಟ್ಟು ಪರೀಕ್ಷೆ ಮಾಡಿಸಬೇಕು. ವೀರ್ಯ ಹೋಗಿ ಎರಡು ದಿನವಾದರೂ ಆಗಿರಬೇಕು. ಭಾನುವಾರ ನಂದಿಬೆಟ್ಟಕ್ಕೆ ಸೈಕಲ್ ತುಳಿದು ಸೋಮವಾರ ರಕ್ತ ಕೊಡಬೇಡಿ.

ಸುಳ್ಳಾಗಿ ಇಳಿಯುವುದು ಇನ್ನೂ ಅಪಾಯದ್ದು, ಯಾಕೆಂದರೆ ಅದು ಯಾರಿಗೂ ಹೊಳೆಯುವುದಿಲ್ಲ. ಫಿನಾಸ್ಟರೈಡ್, ಡುಟಾಸ್ಟರೈಡ್ ಮಾತ್ರೆಯನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ರಿಪೋರ್ಟಿನಲ್ಲಿ 3 ಬಂದಿದ್ದರೆ ಅದನ್ನು 6 ಅಂತ ಓದಬೇಕು. ಕೂದಲು ಉದುರುವುದಕ್ಕೆ ಕೊಡುವ ಸಣ್ಣ ಡೋಸಿನ ಫಿನಾಸ್ಟರೈಡ್ ಕೂಡ ಇದನ್ನೇ ಮಾಡುತ್ತದೆ. "ಅದು ಕೂದಲಿನ ಮಾತ್ರೆ, ಅದಕ್ಕೂ ಇದಕ್ಕೂ ಏನು" ಅಂತ ಬಿಟ್ಟುಬಿಡುತ್ತಾರೆ. ನಿಮ್ಮ ಪಟ್ಟಿಯಲ್ಲಿ ಅದೂ ಇರಲಿ.

ಒಮ್ಮೆ ಏರಿದ್ದಕ್ಕೆ ನೇರ ಬಯಾಪ್ಸಿಗೆ ಓಡಬೇಡಿ. ಕೆಲವು ವಾರ ಬಿಟ್ಟು, ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ಮಾಡಿಸಿ. ಮತ್ತೂ ಏರಿದ್ದರೆ ಈಗ ಸಾಮಾನ್ಯವಾಗಿ ಮೊದಲು ಎಂಆರ್‌ಐ ಮಾಡುತ್ತಾರೆ.

ಏನೂ ತೊಂದರೆ ಇಲ್ಲದವರು ಪಿಎಸ್‌ಎ ಮಾಡಿಸಬೇಕಾ? 50 ದಾಟಿದ ಮೇಲೆ ಡಾಕ್ಟರ ಜೊತೆ ಮಾತಾಡಿ ನಿರ್ಧಾರ ಮಾಡಿ. ತಂದೆಗೋ ಅಣ್ಣತಮ್ಮಂದಿರಿಗೋ ಪ್ರಾಸ್ಟೇಟ್ ಕ್ಯಾನ್ಸರ್ ಆಗಿದ್ದರೆ ಅಪಾಯ ಸುಮಾರು ಎರಡರಷ್ಟು, ಅಂಥವರು 45ಕ್ಕೇ ಶುರು ಮಾಡಬಹುದು. 70 ದಾಟಿ, ತೊಂದರೆಯಿಲ್ಲದೆ ಲಾಲ್‌ಬಾಗಿನಲ್ಲಿ ವಾಕಿಂಗ್ ಮಾಡುತ್ತಿರುವವರಿಗೆ ಪ್ಯಾಕೇಜಿನಲ್ಲಿ ಬಂತು ಅಂತ ಸುಮ್ನೆ ಮಾಡಿಸುವುದರ ಪರ ನಾನಿಲ್ಲ.

ಹಂತ 7: ಮಾತ್ರೆ ಕೊಟ್ಟರೆ

ಎರಡು ಜಾತಿ. ಟ್ಯಾಮ್ಸುಲೋಸಿನ್, ಸಿಲೋಡೋಸಿನ್, ಅಲ್ಫುಜೋಸಿನ್ ಇವು ಬಳೆಯ ಸ್ನಾಯುವನ್ನು ಸಡಿಲ ಮಾಡುತ್ತವೆ. ಕೆಲವೇ ದಿನದಲ್ಲಿ ಗುಣ ಕಾಣುತ್ತದೆ. ಫಿನಾಸ್ಟರೈಡ್, ಡುಟಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತವೆ, ಆದರೆ ಆರು ತಿಂಗಳು ಬೇಕು. ಗ್ರಂಥಿ ದೊಡ್ಡದಿದ್ದವರಿಗೆ ಮಾತ್ರ ಇವು ಉಪಯೋಗ. ಒಂದು ತಿಂಗಳು ನೋಡಿ "ಕೆಲಸ ಮಾಡಲಿಲ್ಲ" ಅಂತ ನಿಲ್ಲಿಸುವವರು ಬಹಳ.

ಮೊದಲ ಜಾತಿಯ ಮಾತ್ರೆಯನ್ನು ರಾತ್ರಿ ಮಲಗುವ ಹೊತ್ತಿಗೆ ಕೊಡುವುದು ವಾಡಿಕೆ. ಎದ್ದು ನಿಂತಾಗ ತಲೆ ಸುತ್ತಬಹುದು, ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಿ. ಸಂಭೋಗದಲ್ಲಿ ವೀರ್ಯ ಹೊರಗೆ ಬಾರದೇ ಇರಬಹುದು, ಅದರಿಂದ ಹಾನಿಯಿಲ್ಲ. ಕಣ್ಣಿನ ಪೊರೆ ಆಪರೇಷನ್ ಮಾಡಿಸುವವರು ಕಣ್ಣಿನ ಡಾಕ್ಟರಿಗೆ ಈ ಮಾತ್ರೆಯ ಹೆಸರು ಹೇಳಲೇಬೇಕು. ಪಾಪೆ ಆಪರೇಷನ್ ವೇಳೆ ಸಡಿಲವಾಗುತ್ತದೆ, ಅವರು ಮೊದಲೇ ತಯಾರಿರಬೇಕು. ನೀವಾಗಿಯೇ ಎರಡು ದಿನ ಮಾತ್ರೆ ನಿಲ್ಲಿಸಿದರೆ ಸಾಲದು. ವಯಾಗ್ರದಂಥ ಮಾತ್ರೆಯನ್ನು ಇದರ ಜೊತೆ ಕೇಳದೆ ತೆಗೆದುಕೊಂಡರೆ ಬಿಪಿ ಬಿದ್ದೀತು. ಎದೆನೋವಿಗೆ ಸಾರ್ಬಿಟ್ರೇಟ್ ಬಳಸುವವರಂತೂ ವಯಾಗ್ರದ ಜಾತಿಯದನ್ನು ಮುಟ್ಟಲೇಬಾರದು. ಎರಡನೇ ಜಾತಿಯಲ್ಲಿ ಲೈಂಗಿಕ ಆಸಕ್ತಿ ಕಡಿಮೆಯಾಗುವುದು ಉಂಟು. ಮನೆಯಲ್ಲಿ ಬಸುರಿ ಇದ್ದರೆ ಒಡೆದ ಮಾತ್ರೆಯನ್ನು ಅವರು ಮುಟ್ಟಬಾರದು.

ಜನೌಷಧಿ ಅಂಗಡಿಯಲ್ಲಿ ಜನರಿಕ್ ಬಹಳ ಅಗ್ಗ. ವರ್ಷಗಟ್ಟಲೆ ನುಂಗುವ ಮಾತ್ರೆ ಅಲ್ವಾ, ಡಾಕ್ಟರನ್ನು ಕೇಳಿ ಬದಲಾಯಿಸಿಕೊಳ್ಳಿ.

ಹಂತ 8: ಆಪರೇಷನ್ ಅಂದರೆ

ಪದೇಪದೇ ಮೂತ್ರ ಕಟ್ಟುವುದು, ಕಿಡ್ನಿ ಊದಿಕೊಳ್ಳುವುದು, ಮೂತ್ರಕೋಶದಲ್ಲಿ ಕಲ್ಲು, ಮತ್ತೆ ಮತ್ತೆ ಸೋಂಕು ಅಥವಾ ರಕ್ತ, ಮಾತ್ರೆಗೆ ಬಗ್ಗದಿರುವುದು, ಇವು ಸರಿಯಾದ ಕಾರಣಗಳು. ಸಾಮಾನ್ಯವಾಗಿ ಹೊಟ್ಟೆ ಕೊಯ್ಯುವುದಿಲ್ಲ. ಮೂತ್ರದ ದಾರಿಯಿಂದಲೇ ದುರ್ಬೀನು ಬಿಟ್ಟು ಬಳೆಯ ಒಳಭಾಗವನ್ನು ಕೆರೆದು ತೆಗೆಯುವುದು ಟಿಯುಆರ್‌ಪಿ. ಲೇಸರಿನಿಂದ ಬಿಡಿಸಿ ತೆಗೆಯುವುದು ಹೋಲೆಪ್, ದೊಡ್ಡ ಗ್ರಂಥಿಗೆ ಇದು ಅನುಕೂಲ. "ಲೇಸರ್" ಅನ್ನುವ ಪದಕ್ಕೆ ಮರುಳಾಗಿ ಎರಡರಷ್ಟು ದುಡ್ಡು ಕೊಡುವ ಮುಂಚೆ, ನಿಮ್ಮ ಗ್ರಂಥಿಯ ಗಾತ್ರಕ್ಕೆ ಅದು ಬೇಕಾ, ಈ ಡಾಕ್ಟರ್ ಎಷ್ಟು ಮಾಡಿದ್ದಾರೆ ಅಂತ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಮೊದಲೇ ತಿಳಿಸಿ. ಆದ ಮೇಲೆ ಒಂದೆರಡು ದಿನ ಕ್ಯಾತೆಟರ್ ಇರುತ್ತದೆ. ಮನೆಗೆ ಬಂದು ಹತ್ತು ಹದಿನಾಲ್ಕು ದಿನಕ್ಕೆ ಒಳಗಿನ ಹಕ್ಕಳೆ ಉದುರಿ ಮತ್ತೆ ಕೆಂಪಗೆ ಹೋಗಬಹುದು, ನೀರು ಕುಡಿದರೆ ತಿಳಿಯಾಗುತ್ತದೆ. ಗಡ್ಡೆ ಬಂದು ಕಟ್ಟಿಕೊಂಡರೆ ಆಸ್ಪತ್ರೆಗೆ. ಕೆಲವು ವಾರ ಭಾರ ಎತ್ತಬೇಡಿ. ನಮ್ಮ ರಸ್ತೆಗುಂಡಿಗಳಲ್ಲಿ ಸ್ಕೂಟರ್ ಓಡಿಸುವುದಂತೂ ಬೇಡವೇ ಬೇಡ. ವೀರ್ಯ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುವುದು ಬಹುತೇಕರಲ್ಲಿ ಶಾಶ್ವತ. ಉದ್ರೇಕಕ್ಕೆ ಸಾಮಾನ್ಯವಾಗಿ ಧಕ್ಕೆಯಿಲ್ಲ. ಇದನ್ನು ಆಪರೇಷನ್‌ಗೆ ಮುಂಚೆ ಕೇಳಿ ತಿಳಿದುಕೊಳ್ಳಿ.

ಆಪರೇಷನ್ ಆಯಿತು, ಇನ್ನು ಪ್ರಾಸ್ಟೇಟ್ ಇಲ್ಲ ಅಂದುಕೊಳ್ಳಬೇಡಿ. ಬಳೆಯ ಹೊರ ಅಂಚು ಅಲ್ಲೇ ಇದೆ, ಕ್ಯಾನ್ಸರ್ ಹುಟ್ಟುವ ಜಾಗವೂ ಅದೇ. ತೆಗೆದ ಚೂರುಗಳನ್ನು ಪರೀಕ್ಷೆಗೆ ಕಳಿಸಿರುತ್ತಾರೆ. ಡಿಸ್ಚಾರ್ಜ್ ಆದ ಮೇಲೆ ಬರುವ ಆ ರಿಪೋರ್ಟನ್ನು ತರಲು ಮರೆಯಬೇಡಿ.

ಹಂತ 9: ಕ್ಯಾನ್ಸರ್ ಅಂತಲೇ ಬಂದರೆ

ಎಂಆರ್‌ಐಯಲ್ಲಿ ಪೈರಾಡ್ಸ್ 1ರಿಂದ 5 ಅಂತ ಅನುಮಾನದ ಮಟ್ಟ ಬರೆಯುತ್ತಾರೆ. 4, 5 ಬಂದರೆ ಸಾಮಾನ್ಯವಾಗಿ ಬಯಾಪ್ಸಿ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅನ್ನುವ ಮಾತನ್ನು ನಂಬಿ ಇದನ್ನು ತಪ್ಪಿಸಬೇಡಿ. ಬಯಾಪ್ಸಿಯಲ್ಲಿ ಗ್ಲೀಸನ್ ಅಂಕ ಬರುತ್ತದೆ, 6ರಿಂದ 10. 6 ಅಂದರೆ ಬಹಳ ಸಾವಧಾನದ್ದು, 8ರಿಂದ ಮೇಲೆ ಚುರುಕಿನದು. 10ಕ್ಕೆ 6 ಅಂತ ಓದಿಕೊಂಡು ಹೆದರುವವರು ಬಹಳ ಜನ. ಇಲ್ಲಿ 6 ಅನ್ನುವುದೇ ಕೆಳಗಿನ ಮೆಟ್ಟಿಲು.

6 ಬಂದವರಿಗೆ ಡಾಕ್ಟರ್ "ಸದ್ಯ ಏನೂ ಮಾಡುವುದು ಬೇಡ, ಕಣ್ಣಿಟ್ಟಿರೋಣ" ಅಂದರೆ ಅದು ಅಸಡ್ಡೆಯಲ್ಲ. ನಿಗದಿಯಾಗಿ ಪಿಎಸ್‌ಎ, ಎಂಆರ್‌ಐ, ಮತ್ತೆ ಬಯಾಪ್ಸಿ ಮಾಡುತ್ತಾ ಕಾಯುವುದು ಒಪ್ಪಿತ ಚಿಕಿತ್ಸೆಯೇ. ಗ್ರಂಥಿಯಾಚೆಗೆ ಹರಡದ ಕ್ಯಾನ್ಸರ್ ಇದ್ದ 1,600ಕ್ಕೂ ಹೆಚ್ಚು ಗಂಡಸರನ್ನು ಬ್ರಿಟನ್ನಿನಲ್ಲಿ ಆಪರೇಷನ್, ರೇಡಿಯೇಷನ್, ಕಣ್ಣಿಡುವುದು ಅಂತ ಮೂರು ಗುಂಪು ಮಾಡಿ 15 ವರ್ಷ ನೋಡಿದರು. ಫಲಿತಾಂಶ 2023ರಲ್ಲಿ ಬಂತು. ಮೂರೂ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಸುಮಾರು ಮೂವರು. ಅಂದರೆ ಯೋಚಿಸಲು, ಇನ್ನೊಬ್ಬ ಡಾಕ್ಟರನ್ನು ಕೇಳಲು ನಿಮಗೆ ಸಮಯವಿದೆ. ಗ್ಲೀಸನ್ ಜಾಸ್ತಿ ಇದ್ದವರ, ಮೂಳೆಗೆ ಹರಡಿದವರ ಲೆಕ್ಕ ಬೇರೆ. ಅವರು ತಡಮಾಡಬಾರದು. ವೃಷಣದಲ್ಲಿ ತಯಾರಾಗುವ ಟೆಸ್ಟೋಸ್ಟೆರಾನ್ ಹಾರ್ಮೋನನ್ನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಅಂತ ಡಾಕ್ಟರ್ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, 1966ರಲ್ಲಿ ನೊಬೆಲ್ ಬಂತು. ಹರಡಿದವರ ಚಿಕಿತ್ಸೆ ಇವತ್ತಿಗೂ ಅದರಿಂದಲೇ ಶುರು. ತಿಂಗಳು ಅಥವಾ ಮೂರು ತಿಂಗಳಿಗೊಂದು ಇಂಜೆಕ್ಷನ್, ಇಲ್ಲವೇ ವೃಷಣ ತೆಗೆಯುವ ಸಣ್ಣ ಆಪರೇಷನ್. ಎರಡನೆಯದು ಒಂದೇ ಸಲದ ಖರ್ಚು.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ರಿಪೋರ್ಟ್ ಕಾಗದ ಮಾತ್ರ ಸಾಲದು. ಬಯಾಪ್ಸಿ ಮಾಡಿದ ಲ್ಯಾಬಿನಿಂದ ಗಾಜಿನ ಸ್ಲೈಡುಗಳು ಮತ್ತು ಮೇಣದ ಬ್ಲಾಕುಗಳನ್ನು ಕೇಳಿ ಪಡೆಯಿರಿ, ಎಂಆರ್‌ಐನ ಸಿಡಿಯನ್ನೂ. ಬ್ಲಾಕುಗಳನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ, ಮೇಣ ಕರಗುತ್ತದೆ. ಜೊತೆಗೆ ಹಂತ 2ರ ನೋಟ್‌ಬುಕ್ಕನ್ನೂ ಫೈಲಿನಲ್ಲಿ ಇಟ್ಟುಕೊಳ್ಳಿ.